ಮುಸ್ಸಂಜೆಯಲ್ಲಿ ನಂದಿಬಟ್ಟಲಿಗೆ ಬರುವ ಆ ‘ಹಕ್ಕಿ’ ಯಾವುದು?

ಪ್ರಶ್ನೆ: ನಾವಿರುವುದು ಗೋವಾದ ಫೋಂಡಾದಲ್ಲಿ. ದೀಪ ಹಚ್ಚುವ ಹೊತ್ತಿಗೆ ಅಂಗಳದ ನಂದಿಬಟ್ಟಲಿಗೆ ಹೆಬ್ಬೆರಳು ಗಾತ್ರದ ಜೀವಿಯೊಂದು ಬರುತ್ತದೆ. ಹೂವಿನ ಮೇಲೆ ಕೂರುವುದಿಲ್ಲ. ಗಾಳಿಯಲ್ಲೇ ನಿಂತು ಮಕರಂದ ಹೀರಿ ಸರ್ರನೆ ಮಾಯವಾಗುತ್ತದೆ. ಮಕ್ಕಳು ಹಮ್ಮಿಂಗ್‌ಬರ್ಡ್ ಎನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಸೂರಕ್ಕಿಯೂ ಇದಲ್ಲ. ಅದು ಬಹುಮಟ್ಟಿಗೆ ರೆಂಬೆಯ ಮೇಲೆ ಕೂತೇ ಹೂವಿಗೆ ಕೊಕ್ಕು ಹಾಕುತ್ತದೆ, ಕತ್ತಲಾಗುವಷ್ಟರಲ್ಲಿ ನಿದ್ದೆಗೆ ಸರಿದಿರುತ್ತದೆ. ನೀವು ನೋಡಿದ್ದು ಹಾಕ್‌ಮಾತ್ ಕುಟುಂಬದ ಪತಂಗ. ತಲೆಯ ಮೇಲೆ ಎರಡು ಮೀಸೆ ಕಂಡರೆ ಅನುಮಾನವೇ ಬೇಡ. ಕೊಕ್ಕೆಂದು ನಿಮಗೆ ಕಂಡದ್ದು ಅದರ ಹೀರುಕೊಳವೆ; ಕೆಲಸ ಮುಗಿದ ಮೇಲೆ ಸುರುಳಿ ಸುತ್ತಿಕೊಳ್ಳುತ್ತದೆ.

ಯಾವ ಹಾಕ್‌ಮಾತ್ ಎಂಬುದೇ ಕಷ್ಟದ ಪ್ರಶ್ನೆ. ಹಾರುವಾಗ ರೆಕ್ಕೆ ಬರೀ ಮಸುಕು, ಮೊಬೈಲ್ ಫೋಟೊ ಇನ್ನೂ ಮಸುಕು. ಆದ್ದರಿಂದ ಹೂವನ್ನು ಬಿಟ್ಟು ಎಲೆಯನ್ನು ನೋಡಿ ಎನ್ನುತ್ತೇನೆ. ನಿಮ್ಮ ನಂದಿಬಟ್ಟಲಿನ ಬುಡದಲ್ಲಿ ಕಪ್ಪು ಹಿಕ್ಕೆಯ ಗುಳಿಗೆಗಳು ಬಿದ್ದಿದ್ದರೆ ಅದರ ನೇರ ಮೇಲಿನ ಕೊಂಬೆಯನ್ನು ಹುಡುಕಿ. ಬೆರಳುದ್ದದ ನುಣುಪಾದ ಹಸಿರು ಹುಳು, ತಲೆಯ ಹಿಂದೆ ನೀಲಿ-ಬಿಳಿಯ ಎರಡು ಹುಸಿಗಣ್ಣು, ಬಾಲದಲ್ಲಿ ಮೋಟು ಕೊಂಬು. ಇದು ಕಣಗಿಲೆ ಹಾಕ್‌ಮಾತ್‌ನ ಮರಿ; ಕಣಗಿಲೆ, ನಂದಿಬಟ್ಟಲು ಎರಡರ ಎಲೆಯನ್ನೂ ತಿನ್ನುತ್ತದೆ. ಕೋಶಕ್ಕೆ ಸೇರುವ ಮೊದಲು ಕಂದು ಬಣ್ಣಕ್ಕೆ ತಿರುಗುವುದರಿಂದ ಹಲವರು ಬೇರೆ ಹುಳುವೆಂದುಕೊಳ್ಳುತ್ತಾರೆ. ಕೊಂಬು ಚುಚ್ಚುವುದಿಲ್ಲ. ಗಿಡದ ಹಾಲು ವಿಷ, ಕೈ ಮಾತ್ರ ತೊಳೆದುಕೊಳ್ಳಿ. ದೊಡ್ಡದಾದ ಪತಂಗಕ್ಕೆ ಪಾಚಿಹಸಿರು ರೆಕ್ಕೆ, ಅದರ ಮೇಲೆ ಬಿಳಿ, ತಿಳಿಗುಲಾಬಿ ಅಲೆಗಳು. ನನ್ನ ಕಣ್ಣಿಗೆ ನಮ್ಮ ತೋಟಗಳಲ್ಲಿ ಇದಕ್ಕಿಂತ ಚೆಲುವಾದ ಪತಂಗವಿಲ್ಲ.

ಹುಳುವಿನಿಂದ ಪತಂಗವನ್ನು ಗುರುತಿಸುವ ಈ ದಾರಿ ಹಳೆಯದು. ಪಕ್ಕದ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ವರ್ಷಗಟ್ಟಲೆ ಮರಿಹುಳುಗಳನ್ನು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆಂದು ಬರೆದಿಟ್ಟರು. ಸ್ಕಾಟ್ ಅವರೊಂದಿಗೆ ಅವರು ಬರೆದ, ಭಾರತದ ಹಾಕ್‌ಮಾತ್‌ಗಳ ಸಂಪುಟ 1937ರಲ್ಲಿ ಪ್ರಕಟವಾಯಿತು.

ಹುಳು ಸಿಗದಿದ್ದರೆ ಹೊತ್ತು ನೋಡಿ. ಬೆಳಕಿರುವಾಗಲೇ ಬಂದು, ರೆಕ್ಕೆ ಗಾಜಿನಷ್ಟು ಪಾರದರ್ಶಕವಾಗಿದ್ದರೆ ಅದು ಕಾಫಿ ಹಾಕ್‌ಮಾತ್. ಕೋಶದಿಂದ ಹೊರಬಂದಾಗ ರೆಕ್ಕೆಯ ಮೇಲಿರುವ ಬೂದು ಹುಡಿ ಮೊದಲ ಹಾರಾಟದಲ್ಲೇ ಉದುರಿಹೋಗುತ್ತದೆ. ಇದರ ಮರಿ ಕಾಫಿ ಎಲೆ, ಗಾರ್ಡೇನಿಯಾ ಎಲೆಗಳನ್ನು ತಿನ್ನುತ್ತದೆ. ಕಂದು ಮೈ, ಹಿಂದಿನ ರೆಕ್ಕೆಯಲ್ಲಿ ಹಳದಿ ಪಟ್ಟೆ, ಬಾಲದಲ್ಲಿ ಬಿಚ್ಚಿಕೊಳ್ಳುವ ಕೂದಲ ಕುಚ್ಚು ಇದ್ದರೆ ಮ್ಯಾಕ್ರೊಗ್ಲಾಸಮ್ ಗುಂಪಿನದು; ಅದರಲ್ಲಿ ನಿಖರ ಜಾತಿ ಹೇಳುವುದು ಪಳಗಿದವರಿಗೂ ತಲೆನೋವು.

ಫೋಟೊ ಬೇಕೆಂದರೆ ಹೂವಿನ ಬಳಿ ಹಿಂದೆ ಓಡಬೇಡಿ. ವರಾಂಡದ ದೀಪ ರಾತ್ರಿ ಉರಿದಿದ್ದರೆ ಬೆಳಿಗ್ಗೆ ಗೋಡೆ ನೋಡಿ. ಕೂತಿರುವ ಪತಂಗವನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಆಮೇಲೆ ದೀಪ ಆರಿಸಿಬಿಡಿ, ಇಲ್ಲವಾದರೆ ಗೋಡೆಗೆ ಅಂಟಿದವನ್ನು ಕಾಗೆ, ಮಡಿವಾಳ ಹಕ್ಕಿಗಳು ಮುಗಿಸುತ್ತವೆ.