ಎಲಿಜಬೆತ್ ಟೇಲರ್ ನಮ್ಮ ಸಂಬಂಧಿಕರಾ ಸರ್?

ನನ್ನ ಕೆಲ್ಸ ವಂಶಾವಳಿ ಹುಡುಕಿ ಕೊಡೋದು. ಬೆಂಗಳೂರು ಕಂಟೋನ್ಮೆಂಟ್ ಕಡೆಯಿಂದ, ಕೆಜಿಎಫ್ ಕಡೆಯಿಂದ ಆಂಗ್ಲೋ ಇಂಡಿಯನ್ ಮನೆಯವ್ರು ಹಳೇ ಬ್ಯಾಪ್ಟಿಸಮ್ ಕಾಗದ, ಬಣ್ಣ ಹೋಗಿರೋ ಫೋಟೋ ಹಿಡ್ಕೊಂಡು ಬರ್ತಾರೆ, ನಮ್ಮ ತಾತನ ತಾತ ಇಂಗ್ಲೆಂಡಲ್ಲಿ ಯಾವೂರೋರು ಅಂತ ಕೇಳ್ತಾರೆ. ಹೋದ ವರ್ಷ ಒಬ್ರು ಹಿರಿಯರು ಬಂದಿದ್ರು, ಮನೆ ಹೆಸರು ಟೇಲರ್, ಕೂತ್ಕೊಳ್ಳೋಕೂ ಮುಂಚೆನೇ ಕೇಳಿದ್ದು ಇದು, ಎಲಿಜಬೆತ್ ಟೇಲರ್ ನಮ್ಮ ಸಂಬಂಧಿಕರಾ ಸರ್, ನಮ್ಮಜ್ಜಿ ಹಂಗೇ ಹೇಳ್ತಿದ್ರು. ನಾನು ಯಾವ ಎಲಿಜಬೆತ್ ಟೇಲರ್ ಅಂದೆ. ಅವ್ರಿಗೆ ಸ್ವಲ್ಪ ಸಿಟ್ಟೇ ಬಂತು. ಆದ್ರೆ ಸಿನಿಮಾದ ಎಲಿಜಬೆತ್ ಟೇಲರ್ (1932–2011) ಇದ್ದ ಕಾಲದಲ್ಲೇ ಅದೇ ಹೆಸರಿನ ಒಬ್ಬ ಕಾದಂಬರಿಕಾರ್ತಿನೂ (1912–1975) ಇದ್ರು, ಆಕೆಗೆ ಟೇಲರ್ ಅನ್ನೋದು ಗಂಡನ ಮನೆಯಿಂದ ಬಂದ ಹೆಸರು, ಇಬ್ಬರಿಗೂ ಯಾವ ಸಂಬಂಧನೂ ಇಲ್ಲ.

ವಿಷ್ಯ ಏನಂದ್ರೆ ಟೇಲರ್ ಅನ್ನೋದು ನಮ್ಮ ಬೀದಿ ಕೊನೇಲಿ ಬ್ಲೌಸ್ ಹೊಲಿಯೋಕೆ ಕೊಡ್ತೀವಲ್ಲ ಅದೇ ಟೇಲರ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅವರ ಫ್ರೆಂಚ್ ಜೊತೆ ಬಂದ ಪದ ಇದು, ಮೂಲದಲ್ಲಿ ಅರ್ಥ ಹೊಲಿಯೋನು ಅಂತಲ್ಲ, ಕತ್ತರಿಸೋನು ಅಂತ. ರೀಟೇಲ್ ಅಂಗಡಿ, ಡೀಟೇಲ್ ಆಗಿ ಹೇಳು ಅಂತೀವಲ್ಲ, ಅವೆರಡೂ ಇದೇ ಬೇರಿಂದ ಬಂದಿದ್ದು, ತುಂಡು ತುಂಡು ಮಾಡೋದು. ಅದಕ್ಕೂ ಮುಂಚೆ ಹಳೇ ಇಂಗ್ಲಿಷಲ್ಲಿ ಹೊಲಿಯೋನಿಗೆ ಬೇರೆ ಪದ ಇತ್ತು, ಅದರ ಬಾಲ ಈಗ ಸೀಮ್‌ಸ್ಟ್ರೆಸ್ ಅನ್ನೋದ್ರಲ್ಲಿ ಉಳ್ಕೊಂಡಿದೆ. ಸುಮ್ನೆ ಯೋಚ್ನೆ ಮಾಡಿದ್ರೂ ಸರಿನೇ, ಬಟ್ಟೆ ದುಬಾರಿ ಇದ್ದ ಕಾಲದಲ್ಲಿ ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ಕತ್ತರಿ ತಪ್ಪಿದ್ರೆ ಮುಗೀತು.

ಆಗಿನ ಊರುಗಳಲ್ಲಿ ಹತ್ತು ಜನ ಜಾನ್, ಹತ್ತು ಜನ ವಿಲಿಯಮ್, ತೆರಿಗೆ ಬರ್ಕೊಳ್ಳೋ ಗುಮಾಸ್ತ ಯಾರನ್ನ ಅಂತ ಗುರುತು ಹಿಡೀಬೇಕು? ಹೊಲಿಯೋ ಜಾನ್, ಗಿರಣಿ ಜಾನ್, ಬೆಟ್ಟದ ತಪ್ಪಲಿನ ಜಾನ್ ಅಂತ ಬರ್ಕೊಂಡ. ಮೊದಲು ಅದು ಅವನೊಬ್ಬನ ಗುರುತು ಅಷ್ಟೇ, ಮಗ ಬೇರೆ ಕೆಲ್ಸ ಮಾಡಿದ್ರೆ ಮಗನ ಹೆಸರೂ ಬೇರೆ. ಆಮೇಲೆ ಮುನ್ನೂರು ವರ್ಷದಲ್ಲಿ ನಿಧಾನಕ್ಕೆ ಅದು ಮನೆತನದ ಹೆಸರಾಗಿ ಅಂಟ್ಕೊಂಡ್ತು, ಹೊಲಿಗೆ ಬಿಟ್ಟು ನೇಗಿಲು ಹಿಡಿದೋನೂ ಟೇಲರ್ರೇ ಆಗಿ ಉಳ್ಕೊಂಡ. ಹೊಲಿಯೋರು ಇಲ್ಲದ ಊರು ಯಾವ್ದು, ಹಂಗಾಗಿ ಒಂದೇ ಕಾಲಕ್ಕೆ ಸಾವಿರಾರು ಊರುಗಳಲ್ಲಿ ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಟೇಲರ್‌ಗಳು ಹುಟ್ಕೊಂಡ್ರು. ಇವತ್ತಿಗೂ ಬ್ರಿಟನ್ನಲ್ಲಿ ಅತಿ ಹೆಚ್ಚು ಜನ ಇಟ್ಕೊಂಡಿರೋ ಮೊದಲ ಹತ್ತು ಹೆಸರುಗಳಲ್ಲಿ ಇದು ಒಂದು.

ನಮ್ಮ ಉತ್ತರ ಕರ್ನಾಟಕದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಲ್ಲ ಅಲ್ಲಿ ಅಡ್ಡಹೆಸರುಗಳೇ, ಗದಗದ ಬಡಿಗೇರ ಬಿಜಾಪುರದ ಬಡಿಗೇರನ್ನ ನೋಡಿ ಅಣ್ಣ ಅಂತ ತಬ್ಕೊಳ್ಳಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ, ನಮ್ಮಲ್ಲಿ ಆ ಹೆಸರಿನ ಹಿಂದೆ ಜಾತಿ ಬಂದೇ ಬರುತ್ತೆ, ಇಂಗ್ಲೆಂಡಿನ ಟೇಲರ್ ಬೇರೆ ಕಸುಬಿನೋರ ಮಗಳನ್ನೂ ಮದುವೆ ಆಗ್ಬಹುದಿತ್ತು, ಅದಕ್ಕೇ ಅಲ್ಲಿ ಎಳೆ ಹಿಡಿಯೋದು ಇನ್ನೂ ಕಷ್ಟ.

ಹಂಗಂತ ಹೊಲಿಯೋರು ಕಡಿಮೆ ಆಸಾಮಿಗಳೇನಲ್ಲ. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಸಂಘಕ್ಕೆ 1327ರಲ್ಲೇ ರಾಜನ ಸನ್ನದು ಸಿಕ್ಕಿತ್ತು. ಇವರು ಬರೀ ಬಟ್ಟೆ ಹೊಲೀತಿರ್ಲಿಲ್ಲ, ಸೈನಿಕರು ಕಬ್ಬಿಣದ ಕವಚದ ಒಳಗೆ ಹಾಕ್ಕೊಳ್ಳೋ ದಪ್ಪ ಮೆತ್ತೆಯ ಅಂಗಿನೂ ಇವರದೇ. ಮೆರವಣಿಗೆಯಲ್ಲಿ ಆರನೇ ಜಾಗ ಯಾರಿಗೆ ಅಂತ ತುಪ್ಪಳದ ಚರ್ಮದ ವ್ಯಾಪಾರದ ಸ್ಕಿನ್ನರ್ಸ್ ಸಂಘದ ಜೊತೆ ದೊಡ್ಡ ಜಗಳ ಆಗಿ, 1484ರಲ್ಲಿ ಲಂಡನ್ ಮೇಯರ್ ಒಂದು ವರ್ಷ ಇವರು ಆರು ಅವರು ಏಳು, ಮುಂದಿನ ವರ್ಷ ಉಲ್ಟಾ ಅಂತ ತೀರ್ಪು ಕೊಟ್ಟ, ಅದು ಇವತ್ತಿಗೂ ನಡೀತಿದೆ. ಇಂಗ್ಲಿಷಲ್ಲಿ ಗೊಂದಲಕ್ಕೆ ಸಿಕ್ಸಸ್ ಅಂಡ್ ಸೆವೆನ್ಸ್ ಅಂತಾರಲ್ಲ, ಅದು ಈ ಜಗಳದಿಂದ್ಲೇ ಬಂತು ಅಂತ ಗೈಡ್‌ಗಳು ಹೇಳ್ತಾರೆ, ನಂಬ್ಬೇಡಿ, ಆ ತೀರ್ಪಿಗೆ ನೂರು ವರ್ಷ ಮುಂಚೆ ಚಾಸರ್ ಕವಿನೇ ಅಂಥ ಮಾತು ಬಳಸಿದ್ದಾನೆ.

ಈ ಹೆಸರಿನ ದೊಡ್ಡೋರ ವಿಷ್ಯಕ್ಕೆ ಬಂದ್ರೆ ಒಬ್ಬರಿಗೂ ಇನ್ನೊಬ್ಬರಿಗೂ ತಾಳಮೇಳ ಇಲ್ಲ. ಬಿಇ ಓದಿದೋರು ಗಣಿತದಲ್ಲಿ ಬೈಕೊಂಡು ಕಲಿತ ಟೇಲರ್ ಸೀರೀಸ್ ಬ್ರೂಕ್ ಟೇಲರ್ (1685–1731) ಅವರದು, 1715ರಲ್ಲಿ ಪ್ರಕಟ ಆಗಿದ್ದು, ಅದಕ್ಕೂ ಸುಮಾರು ಮುನ್ನೂರು ವರ್ಷ ಮುಂಚೆ ಸೈನ್, ಕೊಸೈನ್‌ಗೆ ಅಂಥ ಸರಣಿನ ಕೇರಳದ ಮಾಧವ ಕಂಡ್ಕೊಂಡಿದ್ದ ಅನ್ನೋದು ಬೇರೆ ಮಾತು. ನಮ್ಮ ಎಲ್‌ಕೆಜಿ ಮಕ್ಕಳು ಬಾಯಿಪಾಠ ಹೇಳೋ ಟ್ವಿಂಕಲ್ ಟ್ವಿಂಕಲ್ ಬರೆದಿದ್ದು ಜೇನ್ ಟೇಲರ್, 1806ರಲ್ಲಿ. ಅಮೆರಿಕದ 12ನೇ ಅಧ್ಯಕ್ಷ ಜಾಕರಿ ಟೇಲರ್ ಅಧಿಕಾರಕ್ಕೆ ಬಂದ ಹದಿನಾರು ತಿಂಗಳಿಗೇ ತೀರ್ಕೊಂಡ. 1901ರಲ್ಲಿ ಪೀಪಾಯಿ ಒಳಗೆ ಕೂತು ನಯಾಗರಾ ಫಾಲ್ಸ್‌ನಿಂದ ಕೆಳಗೆ ಬಿದ್ದು ಬದುಕಿದ ಮೊದಲಿಗರು ಆ್ಯನಿ ಎಡ್ಸನ್ ಟೇಲರ್, ಅವತ್ತು ಆ ಯಮ್ಮಂಗೆ 63 ತುಂಬಿದ ದಿನ! ಆಕೆಗೂ ಟೇಲರ್ ಅನ್ನೋದು ಗಂಡನ ಕಡೆಯದು. ಕ್ರಿಕೆಟ್ ಅಂದ್ರೆ ಮಾರ್ಕ್ ಟೇಲರ್, 1998ರಲ್ಲಿ ಪೇಶಾವರದಲ್ಲಿ ಬ್ರಾಡ್ಮನ್ ಅವರ 334ಕ್ಕೆ ಸಮ ಬಂದು ನಿಂತು, ಮಾರನೇ ದಿನ ಆಡದೆ ಡಿಕ್ಲೇರ್ ಮಾಡಿಬಿಟ್ರು. ನಮ್ಮ ಆರ್‌ಸಿಬಿಗೆ 2008ರಿಂದ 2010ರ ತನಕ ಆಡಿದ ರಾಸ್ ಟೇಲರ್ ಅವರ ತಾಯಿ ಸಮೋವಾ ಮೂಲದೋರು. ಇನ್ನು ಟೇಲರ್ ಸ್ವಿಫ್ಟ್ ಅವರದು ಮನೆ ಹೆಸರೇ ಅಲ್ಲ, ಜೇಮ್ಸ್ ಟೇಲರ್ ಅನ್ನೋ ಹಾಡುಗಾರನ ಹೆಸರನ್ನ ಅಪ್ಪ ಅಮ್ಮ ಇಟ್ಟಿದ್ದು.

ಆದ್ರೆ ನಮ್ಮೋರಿಗೆ ಗೊತ್ತಿರ್ಬೇಕಾದ ಟೇಲರ್ ಅಂದ್ರೆ ಸುರಪುರದ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಲ್ಲಿ ಹುಟ್ಟಿ, ಹದಿಹರೆಯದಲ್ಲೇ ಬಾಂಬೆಯ ಒಬ್ಬ ವರ್ತಕನ ಹತ್ರ ಕೆಲ್ಸಕ್ಕೆ ಅಂತ ಹಡಗು ಹತ್ತಿ, ಬಂದು ನೋಡಿದ್ರೆ ಆ ವ್ಯಾಪಾರನೇ ಮುಳುಗ್ತಿತ್ತು, ಕೊನೆಗೆ ನಿಜಾಮರ ಸೈನ್ಯ ಸೇರ್ಕೊಂಡ್ರು. 1841ರಲ್ಲಿ ಸುರಪುರಕ್ಕೆ ಬಂದಾಗ ರಾಜ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ, ಅವನು ದೊಡ್ಡೋನಾಗೋ ತನಕ ಸಂಸ್ಥಾನ ನೋಡ್ಕೊಂಡಿದ್ದು ಇವ್ರೇ, ಹುಡುಗ ಇವರನ್ನ ಅಪ್ಪಾ ಅಂತ ಕರೀತಿದ್ದ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕಿ, ಕೊನೆಗೆ ಗುಂಡೇಟಿಗೆ ಸತ್ತ. ಇವರು ಬ್ರಿಟಿಷ್ ಆಡಳಿತದ ಮನುಷ್ಯ ಅನ್ನೋದು ಮರೀಬಾರ್ದು, ಆದ್ರೂ ಆ ಸೀಮೆಯ ಕಬ್ಬಿಣ ಯುಗದ ಕಲ್ಲುಗೋರಿಗಳನ್ನ ಕೂತು ಅಳೆದು ಬರೆದೋರು ಅವ್ರೇ. ಗುಡ್ಡದ ಮೇಲಿನ ಅವರ ಬಂಗಲೆನ ಜನ ಟೇಲರ್ ಮಂಜಿಲ್ ಅಂತಾನೇ ಕರೀತಾರೆ.

ಮತ್ತೆ ನಮ್ಮ ಹಿರಿಯರ ಕಡೆಗೆ. ಲೆಸ್ಟರ್ ಯೂನಿವರ್ಸಿಟಿಯೋರು ಮನೆ ಹೆಸರು ಮತ್ತು ಅಪ್ಪನಿಂದ ಮಗನಿಗೆ ಮಾತ್ರ ಬರೋ ವೈ ಕ್ರೋಮೋಸೋಮ್ ಹೋಲಿಸಿ ನೋಡಿದ್ರು. ಆಟನ್‌ಬರೋ ಥರದ ಅಪರೂಪದ ಹೆಸರಿನೋರಲ್ಲಿ ಬಹಳ ಜನ ಒಂದೇ ಗಂಡಿನ ವಂಶ ಅಂತ ಕಾಣ್ತು, ಸ್ಮಿತ್ ಅಂದ್ರೆ ಕಮ್ಮಾರ, ಆ ಹೆಸರಿನೋರಲ್ಲಿ ಅಂಥ ನಂಟು ಕಾಣ್ಲಿಲ್ಲ. ಟೇಲರ್‌ನೂ ಅದೇ ಲೆಕ್ಕಕ್ಕೆ ಹಾಕ್ಕೊಳ್ಳಿ. ಹಂಗಾಗಿ ನಾನು ಹೆಸರು ಪಕ್ಕಕ್ಕಿಡಿ ಅಂತೀನಿ, ಊರು ಬೇಕು, ಚರ್ಚ್ ಬೇಕು, ರೆಜಿಮೆಂಟ್ ಬೇಕು, ತಾರೀಖು ಬೇಕು. ಬೆಂಗಳೂರಿನ ಚರ್ಚ್‌ಗಳಿಂದ ಹೋದ ಹಳೇ ಜನನ, ಮದುವೆ, ಸಾವಿನ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಸರಣಿಯಲ್ಲಿವೆ, ಮೈಸೂರು ಅಂತ ಹುಡುಕಿದ್ರೆ ಸಿಗಲ್ಲ, ಇದು ಗೊತ್ತಿಲ್ದೆ ಎಷ್ಟೋ ಜನ ದುಡ್ಡು ಕಳ್ಕೊಂಡಿದಾರೆ. ಅಲ್ಲಿಂದ ಇಂಗ್ಲೆಂಡಿಗೆ ದಾಟಿದ್ರೆ 1538ರಲ್ಲಿ ಶುರುವಾದ ಪ್ಯಾರಿಷ್ ರಿಜಿಸ್ಟರ್‌ಗಳು, ಅಂದ್ರೆ ಊರೂರಿನ ಚರ್ಚಿನ ದಾಖಲೆ ಪುಸ್ತಕಗಳು. ಸ್ಪೆಲ್ಲಿಂಗ್ ನೋಡಿ ಇದು ನಮ್ಮದಲ್ಲ ಅಂತ ಬಿಡ್ಬೇಡಿ, ಐ ಹಾಕಿದ್ರೂ ವೈ ಹಾಕಿದ್ರೂ ಕೊನೇಲಿ ಓಆರ್ ಬದ್ಲು ಇಆರ್ ಇದ್ರೂ ಒಂದೇ ಮನೆ ಇರ್ಬಹುದು, ಪಾದ್ರಿ ಕಿವಿಗೆ ಕೇಳಿದ್ದನ್ನ ಬರ್ಕೊಂಡಿದ್ದು.

ಅವರ ಮುತ್ತಜ್ಜನ ಬ್ಯಾಪ್ಟಿಸಮ್ ದಾಖಲೆ ನಾಲ್ಕು ತಿಂಗಳಾದ್ಮೇಲೆ ಸಿಕ್ತು. ಅಪ್ಪನ ಹೆಸರು ಜಾನ್ ಟೇಲರ್, ಕಾಲಾಳು ಪಡೆಯ ಸಿಪಾಯಿ, ಪಡೆಗೆ ಸೇರೋಕೂ ಮುಂಚೆ ಮಾಡ್ತಿದ್ದ ಕಸುಬು ಸೈನ್ಯದ ಕಾಗದದಲ್ಲಿತ್ತು, ಬೂಟು ಹೊಲಿಯೋದು. ಹಿರಿಯರು ಎರಡು ಸಲ ಓದಿ ಕನ್ನಡಕ ತೆಗೆದು ನಕ್ರು, ಹೊಲಿಗೆ ಅಂತೂ ಹೊಲಿಗೆನೇ ಅಲ್ವಾ ಸರ್ ಅಂದ್ರು. ಆ ಜಾನ್ ಟೇಲರ್‌ನ ಅಪ್ಪನ್ನ ಲ್ಯಾಂಕಾಷೈರಲ್ಲಿ ಇನ್ನೂ ಹುಡುಕ್ತಿದೀನಿ, ಅದೇ ಹೆಸರು, ಅದೇ ಹತ್ತು ವರ್ಷದ ಒಳಗೆ ಹುಟ್ಟಿದೋರು, ಸದ್ಯಕ್ಕೆ ನನ್ನ ಪಟ್ಟಿಯಲ್ಲಿ ಇಪ್ಪತ್ಮೂರು ಜನ ಇದಾರೆ.