ಶೆಟ್ಟಿ, ಸಾಠೆ, ಸೇಠ್: ಮೂವರಿಗೂ ಒಂದೇ ನಂಬರ್

ಮುಂಬಯಿಯ ಮುಲುಂಡ್‌ನಲ್ಲಿ ನಮ್ಮ ಪಕ್ಕದ ಮನೆ ಶೆಟ್ಟರಿಗೆ ಮಗ ಮಸ್ಕತ್‌ನಿಂದ ಕಳಿಸಿದ ದುಡ್ಡು ನಾಲ್ಕು ದಿನ ಬ್ಯಾಂಕಿನಲ್ಲೇ ನಿಂತಿತ್ತು. 'ವಾಚ್‌ಲಿಸ್ಟ್‌ನಲ್ಲಿ ಹೆಸರು ಮ್ಯಾಚ್ ಆಗಿದೆ' ಅಂದರಂತೆ. ಗಾಬರಿಯಾದ ಶೆಟ್ಟರು ಸಂಖ್ಯಾಶಾಸ್ತ್ರದವನ ಹತ್ತಿರ ಓಡಿದರು. ಆತ ಫೀಸು ತಗೊಂಡು, ಇಂಗ್ಲಿಷ್ ಹೆಸರಿಗೆ ಇನ್ನೊಂದು 'ಟಿ' ಸೇರಿಸಿ, ಗ್ರಹಚಾರ ಬಿಡುತ್ತದೆ ಅಂದ. ನನಗೆ ನಗು ತಡೆಯಲಾಗಲಿಲ್ಲ.

ವಾಚ್‌ಲಿಸ್ಟ್ ಅಂದರೆ ಕಣ್ಣಿಡಬೇಕಾದವುಗಳ ಪಟ್ಟಿ, ಅಷ್ಟೇ. ತೀರ್ಪಲ್ಲ. ನನ್ನ ಶೇರು ಆ್ಯಪ್‌ನ ಪಟ್ಟಿಯಲ್ಲಿ ಇಪ್ಪತ್ತು ಕಂಪನಿಗಳಿವೆ, ಕೊಂಡಿದ್ದು ಎರಡರದು. ಮಗಳ ಸಿನಿಮಾ ಪಟ್ಟಿ ಸುಮ್ನೆ ಬೆಳೀತಾನೇ ಇರುತ್ತದೆ. ಬ್ಯಾಂಕಿನದು ಗಂಭೀರ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹೇರಿದವರ ಪಟ್ಟಿಯ ಜೊತೆ ಗ್ರಾಹಕರ ಹೆಸರನ್ನು ತಾಳೆ ನೋಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಸ್ವಾರಸ್ಯ ಇರುವುದೇ ಈ ತಾಳೆಯಲ್ಲಿ. ಒಂದೇ ಹೆಸರನ್ನು ಜನ ಹತ್ತು ಥರ ಬರೆಯುತ್ತಾರೆ, ಅಲ್ವಾ? ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಇದಕ್ಕೊಂದು ಉಪಾಯದ ಪೇಟೆಂಟ್ ಪಡೆದ. ಅದರಿಂದ ಬೆಳೆದದ್ದು ಸೌಂಡೆಕ್ಸ್, ಅಂದರೆ ಇಂಗ್ಲಿಷ್‌ನಲ್ಲಿ ಬರೆದ ಹೆಸರನ್ನು ಉಚ್ಚಾರದ ಪ್ರಕಾರ ಅಂಕೆಗೆ ಇಳಿಸುವ ಲೆಕ್ಕ. ಮೊದಲ ಅಕ್ಷರ ಇಟ್ಟುಕೊಳ್ಳಿ. ಆಮೇಲೆ ಬರುವ ಸ್ವರಗಳನ್ನೂ ಎಚ್, ವೈ, ಡಬ್ಲ್ಯುಗಳನ್ನೂ ಬಿಡಿ. ಉಳಿದವಕ್ಕೆ ಗುಂಪಿನ ಪ್ರಕಾರ ಅಂಕೆ ಕೊಡಿ: ಬಿ, ಪಿ ಎರಡೂ 1, ಟಿ, ಡಿ ಎರಡೂ 3. ಕವರ್ಗ, ಪವರ್ಗ ಅಂತ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಇದೇನು ಹೊಸದೇ? ಒಟ್ಟೊಟ್ಟಿಗೆ ಒಂದೇ ಅಂಕೆ ಬಂದರೆ ಒಂದನ್ನೇ ಎಣಿಸಿ. ಕೊನೆಗೆ ಸೊನ್ನೆ ತುಂಬಿ ಮೂರು ಅಂಕೆ ಮಾಡಿ.

ಶೆಟ್ಟಿ: ಎಸ್-300. ಎಚ್ ಇಲ್ಲದೆ ಸೆಟ್ಟಿ ಅಂತ ಬರೆದರೂ ಎಸ್-300. ಟಿ ಎರಡಿರಲಿ, ಮೂರಿರಲಿ, ಅದೇ! ದಾದರಿನ ಸಾಠೆ, ಕಾಲ್ಬಾದೇವಿಯ ಸೇಠ್ ಕೂಡ ಅದೇ. ದೊಡ್ಡ ಕಣ್ಣಿನ ಜರಡಿಯಲ್ಲಿ ರವೆ ಜೊತೆ ಹುಳವೂ ಇಳಿಯುತ್ತದೆ. ಸಣ್ಣ ಕಣ್ಣಿನ ಬಲೆಗೆ ಬಂಗುಡೆ ಜೊತೆ ಕಸವೂ ಬೀಳುತ್ತದೆ. ಬ್ಯಾಂಕು ಬಲೆಯನ್ನೇ ಆರಿಸಿಕೊಳ್ಳುತ್ತದೆ. ಈಗ ಇನ್ನೂ ಜಾಣ ಲೆಕ್ಕಗಳು ಬಂದಿವೆ, ಆದರೂ ಲಕ್ಷ ಹೆಸರಲ್ಲಿ ನೂರಕ್ಕೊಂದು ತಪ್ಪಾದರೆ ಸಾವಿರ ಅಮಾಯಕರು ಸಿಕ್ಕಿಬೀಳುತ್ತಾರೆ. ಹೆಸರಿನ ಹೋಲಿಕೆಯಿಂದ ತಮ್ಮನ್ನೇ ವಿಮಾನ ಹತ್ತಲು ಬಿಡದೆ ತಡೆದಿದ್ದರು ಅಂತ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ 2004ರಲ್ಲಿ ಸೆನೆಟ್ ಸಮಿತಿಯಲ್ಲಿ ಹೇಳಿಕೊಂಡಿದ್ದರು.

ಐದನೇ ದಿನ ಬ್ಯಾಂಕಿನ ಯಾರೋ ಗುಮಾಸ್ತ ಶೆಟ್ಟರ ಹುಟ್ಟಿದ ತಾರೀಕನ್ನೂ ತಾಳೆ ನೋಡಿದ, ದುಡ್ಡು ಬಂತು. ಶೆಟ್ಟರ ಬಾಗಿಲ ಬೋರ್ಡಿನಲ್ಲಿ ಮಾತ್ರ ಮೂರನೇ ಟಿ ಇನ್ನೂ ಹೊಳೆಯುತ್ತಿದೆ.