‘ಕನ್ಸರ್ನ್’ ಅಂದ ಕೂಡಲೇ ಸಾರಿ ಕೇಳಬೇಡಿ

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಆರ್ಡರ್ ನೋಡಿಕೊಳ್ಳುವ ಕೆಲಸ ನನ್ನದು. ಹೊರ ರಾಜ್ಯದ ಖರೀದಿದಾರರ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲೇ. ಮೊದಲ ಮೀಟಿಂಗಿನಲ್ಲಿ ಒಬ್ಬರು ‘ಐ ಹ್ಯಾವ್ ಎ ಕನ್ಸರ್ನ್’ ಅಂದರು. ನಾನು ಗಾಬರಿಯಾಗಿ ಎರಡು ಸಲ ಸಾರಿ ಕೇಳಿದೆ! ಆಗಿಹೋದ ತಪ್ಪಿನ ಬಗ್ಗೆ ಹೇಳಿದರೆ ಅದು ಕಂಪ್ಲೇಂಟ್. ಹೀಗಾದರೆ ಏನು ಗತಿ ಅನ್ನುವ ಚಿಂತೆಯೇ ಕನ್ಸರ್ನ್. ಇನ್ನೂ ಏನೂ ಆಗಿಲ್ಲ, ಅಲ್ವಾ? ಅದಕ್ಕೆ ಸಾರಿ ಯಾಕೆ?

ಮೊದಲು, ಕೇಳಿಸಿಕೊಂಡೆ ಎಂದು ತೋರಿಸಬೇಕು. ‘ದಟ್ಸ್ ಎ ಫೇರ್ ಪಾಯಿಂಟ್’ ಅಂದರೆ ನಿಮ್ಮ ಮಾತಿನಲ್ಲಿ ನ್ಯಾಯವಿದೆ ಎಂದು. ‘ಐ ಸೀ ವೇರ್ ಯು ಆರ್ ಕಮಿಂಗ್ ಫ್ರಮ್’ ಅಂದರೆ ನೀವು ಯಾಕೆ ಹಾಗೆ ಅಂತೀರಿ ಅನ್ನುವುದು ಗೊತ್ತಾಯಿತು ಎಂದು. ಇದನ್ನು ನನಗೆ ಅಂದವರಿಗೆ ನಾನು ‘ಫ್ರಮ್ ಬಳ್ಳಾರಿ, ಸರ್’ ಅಂದಿದ್ದೆ. ‘ಲೆಟ್ ಮಿ ಅಡ್ರೆಸ್ ದಟ್’ ಕೂಡ ಹಾಗೇ. ಅಲ್ಲಿ ವಿಳಾಸದ ಮಾತೇ ಇಲ್ಲ, ಆ ವಿಷಯಕ್ಕೆ ಉತ್ತರ ಕೊಡ್ತೀನಿ ಎಂದು ಅರ್ಥ.

ಕಷ್ಟ ಇರುವುದು ಆಮೇಲೆ. ನಮ್ಮ ಕಡೆ ‘ಆಗ್ತದ ಬಿಡ್ರಿ’ ಅಂದರೆ ಧೈರ್ಯ ಬರುತ್ತದೆ. ಅದನ್ನೇ ‘ವಿ ವಿಲ್ ಟ್ರೈ’ ಮಾಡಿದರೆ, ಆಗಲಿಕ್ಕಿಲ್ಲ ಎಂದೇ ಕೇಳುವವರಿಗೆ ಅನ್ನಿಸುತ್ತದೆ. ಏನು ಮಾಡುತ್ತೀರಿ, ಯಾವಾಗ, ಎರಡನ್ನೂ ಹೇಳಿ: ‘ಐ ವಿಲ್ ಲುಕ್ ಇಂಟು ಇಟ್ ಆಂಡ್ ಗೆಟ್ ಬ್ಯಾಕ್ ಟು ಯು ಬೈ ಥರ್ಸ್‌ಡೇ’. ಇಲ್ಲಿ ‘ಬೈ’ ಮುಖ್ಯ. ಬೈ ಅಂದರೆ ಗುರುವಾರದೊಳಗೆ, ಟಿಲ್ ಅಂದರೆ ಗುರುವಾರದವರೆಗೆ. ‘ಟಿಲ್ ಥರ್ಸ್‌ಡೇ ಐ ವಿಲ್ ಸೆಂಡ್’ ಅಂದರೆ ಅಲ್ಲಿಯವರೆಗೆ ದಿನಾ ಕಳಿಸುತ್ತಲೇ ಇರುತ್ತೀರಾ? ನಾನು ಜಾಸ್ತಿ ಎಡವಿದ್ದು ಇಲ್ಲೇ.

ನಮ್ಮ ಕೆಲಸದಲ್ಲಿ ಪದೇಪದೇ ಬರುವ ಚಿಂತೆ ‘ವಿಲ್ ದ ಕಲರ್ ಬ್ಲೀಡ್?’. ಬ್ಲೀಡ್ ಅಂದರೆ ಇಲ್ಲಿ ಬಣ್ಣ ಬಿಡುವುದು. ಸುಮ್ನೆ ‘ನೋ ಪ್ರಾಬ್ಲಂ’ ಅಂದರೆ ನಂಬಿಕೆ ಹೋಗುತ್ತದೆ. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಹೆಚ್ಚಾಗಿ ಮೇಲ್ಪದರದಲ್ಲೇ ಕೂತಿರುತ್ತದೆ. ಹಾಗಾಗಿ ‘ಸಮ್ ಬ್ಲೀಡಿಂಗ್ ಈಸ್ ನಾರ್ಮಲ್ ಇನ್ ದ ಫಸ್ಟ್ ಫ್ಯೂ ವಾಷಸ್. ವಿ ಕ್ಯಾನ್ ಸೆಂಡ್ ಎ ವಾಶ್ಡ್ ಸ್ಯಾಂಪಲ್’ ಅನ್ನಿ. ‘ರೆಸ್ಟ್ ಅಶ್ಯೂರ್ಡ್’, ಅಂದರೆ ಚಿಂತೆ ಬಿಡಿ ಎಂದು ಭರವಸೆ ಕೊಡುವುದು, ದೊಡ್ಡ ಮಾತು. ವಾಷಿಂಗ್ ಯೂನಿಟ್‌ನಿಂದ ಮಾಲು ಕೈಗೆ ಬರುವ ತನಕ ನಾನಂತೂ ಅದನ್ನು ಬಳಸುವುದಿಲ್ಲ.

ಮೀಟಿಂಗ್ ಮುಗಿದ ಮೇಲಿನ ಮೇಲ್‌ನಲ್ಲಿ ‘ಐ ವಿಲ್ ರಿವರ್ಟ್’ ನಮ್ಮ ದೇಶದಲ್ಲಿ ನಡೆಯುತ್ತದೆ. ವಿದೇಶದವರಿಗಾದರೆ ‘ರಿಪ್ಲೈ’ ಅನ್ನಿ. ರಿವರ್ಟ್ ಅಂದರೆ ಅವರಿಗೆ ಹಳೇ ಸ್ಥಿತಿಗೆ ವಾಪಸ್ ಹೋಗುವುದು.